ಮೈನಸ್ಸೂ ಭಿನ್ನರಾಶಿಯೂ ಒಟ್ಟಿಗೆ ಬಂದಾಗ: ಮನೆಯಲ್ಲಿ ಲೆಕ್ಕ ಹೇಳಿಕೊಡುವವರಿಗೆ ಸಮಗ್ರ ಮಾರ್ಗದರ್ಶಿ

ಕಳೆದ ವಾರ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಸವನಗುಡಿಯ ನಮ್ಮ ಮನೆಯ ವರಾಂಡದಲ್ಲಿ ಕುಳಿತು ಈ ಲೆಕ್ಕ ಮಾಡಿದಳು:

−1/2 − 1/3 = −3/6 − 2/6 = 5/6

ಛೇದಗಳ, ಅಂದರೆ ಗೆರೆಯ ಕೆಳಗಿನ ಸಂಖ್ಯೆಗಳ, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಆರು ಎಂದು ಸರಿಯಾಗಿ ಕಂಡುಹಿಡಿದಿದ್ದಳು. ಅರ್ಧವನ್ನು ಆರನೇ ಮೂರು ಮಾಡಿದ್ದೂ ಸರಿ, ಮೂರಕ್ಕೆ ಎರಡು ಸೇರಿಸಿದ್ದೂ ಸರಿ. ಕಷ್ಟದ ಕೆಲಸವೆಲ್ಲ ಮುಗಿದ ಮೇಲೆ, ಕೊನೆಯ ಹೆಜ್ಜೆಯಲ್ಲಿ ಮೈನಸ್ ಮಾಯವಾಗಿತ್ತು. ಏಕಮ್ಮ ಎಂದು ಕೇಳಿದೆ. "ಮೈನಸ್ಸಿಗೆ ಮೈನಸ್ ಸೇರಿದರೆ ಪ್ಲಸ್ ಅಲ್ಲವೇ ಮಿಸ್?" ಎಂದಳು. ಅವಳ ದನಿಯಲ್ಲಿ ಅನುಮಾನವೇ ಇರಲಿಲ್ಲ.

ಶಾಲೆಯಲ್ಲಿ ಪಾಠ ಹೇಳಿದ ವರ್ಷಗಳಲ್ಲೂ, ಈಗ ಸಂಜೆ ಮನೆಗೆ ಬರುವ ಮಕ್ಕಳಲ್ಲೂ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದು. ಗುಣಾಕಾರಕ್ಕೆ ಮಾತ್ರ ಸೇರಿದ ನಿಯಮವನ್ನು ಮಕ್ಕಳು ಸಂಕಲನಕ್ಕೂ ಹಚ್ಚುತ್ತಾರೆ. ಇದರಲ್ಲಿ ಅವರ ದೋಷ ಕಡಿಮೆ. "ಮೈನಸ್ ಮೈನಸ್ ಪ್ಲಸ್" ಎಂಬ ಅರ್ಧ ವಾಕ್ಯವನ್ನು, ಅದು ಎಲ್ಲಿಗೆ ಸೇರಿದ್ದು ಎಂದು ಹೇಳದೆ ಅವರ ಕೈಗೆ ಕೊಟ್ಟವರು ನಾವೇ. ಆದ್ದರಿಂದ ಇಲ್ಲಿ ನಾನು ಹೇಳುವ ಕ್ರಮದಲ್ಲಿ ಪ್ರತಿಯೊಂದು ನಿಯಮವನ್ನೂ ಮೊದಲು ಕೈಯಿಂದ ಮಾಡಿ ನೋಡಬೇಕು, ಆಮೇಲೆ ಬಾಯಿಯಿಂದ ಹೇಳಬೇಕು. ಇನ್ನೊಂದು ಮಾತು: ಋಣ ಸಂಖ್ಯೆಯನ್ನೂ ಭಿನ್ನರಾಶಿಯನ್ನೂ ಬೇರೆ ಬೇರೆಯಾಗಿ ಗಟ್ಟಿ ಮಾಡಿಸದೆ ಒಟ್ಟಿಗೆ ಕೊಡಬೇಡಿ.

ಬೇಕಾದ ಸಾಮಾನು

ಚೌಕದ ಗೆರೆಯಿರುವ ಗಣಿತದ ಪುಸ್ತಕ, ಅಳತೆಪಟ್ಟಿ, ಪೆನ್ಸಿಲ್, ಮತ್ತು ಇಪ್ಪತ್ತು ಹುಣಸೆ ಬೀಜ. ಚೌಕಾಬಾರ ಆಡಲು ಮಾಡಿಕೊಳ್ಳುವಂತೆ ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಬಿಳಿ ಮಗ್ಗುಲು ಮೇಲಿದ್ದರೆ +1, ಕಪ್ಪು ಮಗ್ಗುಲು ಮೇಲಿದ್ದರೆ −1. ಉಜ್ಜುವ ಕೆಲಸವನ್ನು ಮಗುವಿನಿಂದಲೇ ಮಾಡಿಸಿ. ತಾನೇ ಉಜ್ಜಿದ ಬೀಜವನ್ನು ಮಗು ಜೋಪಾನವಾಗಿ ಡಬ್ಬಿಯಲ್ಲಿಟ್ಟು ಮಾರನೆಯ ದಿನ ಕೇಳದೆಯೇ ತರುತ್ತದೆ.

ಮೊದಲ ಹೆಜ್ಜೆ: ಸೊನ್ನೆಯ ಕೆಳಗೆ ಏನಿದೆ

ಋಣ ಸಂಖ್ಯೆಗೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕೊಡುವ ಉದಾಹರಣೆ ಹಿಮ ಬೀಳುವ ಊರಿನ ತಾಪಮಾನ. ನಮ್ಮ ಮಕ್ಕಳಿಗೆ ಅದು ಕಣ್ಣಿಗೆ ಕಾಣದ ಸಂಗತಿ. ಬೆಂಗಳೂರಿನಲ್ಲಿ ದಾಖಲಾಗಿರುವ ಅತ್ಯಂತ ಕಡಿಮೆ ತಾಪಮಾನವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಸೊನ್ನೆಯ ಹತ್ತಿರಕ್ಕೂ ನಾವು ಹೋದವರಲ್ಲ. ಅದರ ಬದಲು ಲಿಫ್ಟಿಗೆ ಕರೆದುಕೊಂಡು ಹೋಗಿ. ನೆಲಮಹಡಿ ಸೊನ್ನೆ, ಅದರ ಕೆಳಗಿನ ಎರಡು ಪಾರ್ಕಿಂಗ್ ಮಹಡಿಗಳು −1 ಮತ್ತು −2. ಅನೇಕ ಕಟ್ಟಡಗಳ ಲಿಫ್ಟಿನ ಗುಂಡಿಗಳ ಮೇಲೆ ಹಾಗೆಯೇ ಬರೆದಿರುತ್ತದೆ. ಎರಡನೆಯ ಪಾರ್ಕಿಂಗ್‌ನಿಂದ ಮೂರನೆಯ ಮಹಡಿಗೆ ಎಷ್ಟು ಮಹಡಿ ಏರಬೇಕು? ಬೆರಳು ಮಡಿಸಿ ಎಣಿಸಿದ ಮಗುವಿಗೆ 3 − (−2) = 5 ಎಂಬುದು ಆಗಲೇ ಗೊತ್ತಾಯಿತು. ಬರೆಯುವುದನ್ನು ಇನ್ನೂ ಕಲಿತಿಲ್ಲ, ಅಷ್ಟೆ.

ಸಂಖ್ಯಾರೇಖೆಯನ್ನೂ ಮೊದಲ ವಾರ ಲಿಫ್ಟಿನಂತೆ ನಿಲ್ಲಿಸಿ ಬರೆಸಿ. ಮೇಲಿರುವುದು ದೊಡ್ಡದು, ಕೆಳಗಿರುವುದು ಚಿಕ್ಕದು. ಆಗ −5 ಎಂಬುದು −2ಕ್ಕಿಂತ ಚಿಕ್ಕದು ಎಂದು ಒಪ್ಪಿಸಲು ಹೆಚ್ಚು ಮಾತು ಬೇಕಾಗುವುದಿಲ್ಲ. ಆಮೇಲೆ ರೇಖೆಯನ್ನು ಮಲಗಿಸಿ.

ಎರಡನೆಯ ಹೆಜ್ಜೆ: ಕೂಡುವುದು

(−3) + (−2). ಮೂರು ಕಪ್ಪು ಬೀಜ ಇಡಿ, ಪಕ್ಕದಲ್ಲಿ ಇನ್ನೆರಡು ಕಪ್ಪು ಇಡಿ. ಐದು ಕಪ್ಪು, ಅಂದರೆ −5. ಕಪ್ಪಿಗೆ ಕಪ್ಪು ಸೇರಿದರೆ ಬಿಳಿ ಆಗುತ್ತದೆಯೇ ಎಂದು ಮಗುವನ್ನೇ ಕೇಳಿ. ಆ ಪ್ರಶ್ನೆ ಕೇಳದೆ ಮುಂದೆ ಹೋಗಬೇಡಿ.

(−5) + 3. ಐದು ಕಪ್ಪು, ಮೂರು ಬಿಳಿ. ಒಂದು ಕಪ್ಪೂ ಒಂದು ಬಿಳಿಯೂ ಜೋಡಿಯಾದರೆ ಸೊನ್ನೆ. ಮೂರು ಜೋಡಿ ಪಕ್ಕಕ್ಕೆ ಸರಿಸಿದರೆ ಎರಡು ಕಪ್ಪು ಉಳಿಯಿತು: −2. ಹೀಗೆ ಹತ್ತು ಲೆಕ್ಕ ಮಾಡಿದ ಮೇಲೆ ನಿಯಮವನ್ನು ಮಗುವೇ ಹೇಳಲಿ: ಒಂದೇ ಬಣ್ಣವಾದರೆ ಕೂಡಿಸು, ಬಣ್ಣ ಬೇರೆಯಾದರೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆ, ಹೆಚ್ಚಿರುವವರ ಬಣ್ಣವೇ ಉತ್ತರದ ಬಣ್ಣ.

ಮೂರನೆಯ ಹೆಜ್ಜೆ: ಕಳೆಯುವುದು

ಹೆಚ್ಚಿನ ಮಕ್ಕಳು ಎಡವುವ ಜಾಗ ಇದು. ಇಲ್ಲಿ ನಿಧಾನ ಮಾಡಿ, ಎರಡು ದಿನ ಹಿಡಿದರೂ ಚಿಂತೆಯಿಲ್ಲ.

2 − (−3). ಮೇಜಿನ ಮೇಲೆ ಎರಡು ಬಿಳಿ ಬೀಜ ಇದೆ. ಮೂರು ಕಪ್ಪನ್ನು ತೆಗೆಯಬೇಕು. ಕಪ್ಪೇ ಇಲ್ಲವಲ್ಲ! ಇಲ್ಲಿ ಮಗುವಿಗೆ ಯೋಚಿಸಲು ಬಿಡಿ. ಸೊನ್ನೆ ಸೇರಿಸಿದರೆ ಬೆಲೆ ಬದಲಾಗುವುದಿಲ್ಲ, ಮತ್ತು ಕಪ್ಪು ಬಿಳಿ ಜೋಡಿ ಎಂದರೆ ಸೊನ್ನೆ. ಹಾಗಾದರೆ ಮೂರು ಜೋಡಿ ತಂದು ಇಡೋಣ. ಈಗ ಐದು ಬಿಳಿ, ಮೂರು ಕಪ್ಪು. ಮೂರು ಕಪ್ಪನ್ನು ತೆಗೆ. ಉಳಿದದ್ದು ಐದು ಬಿಳಿ. ಉತ್ತರ 5. ಮೂರು ಕಪ್ಪು ತೆಗೆಯುವುದಕ್ಕೂ ಮೂರು ಬಿಳಿ ಸೇರಿಸುವುದಕ್ಕೂ ವ್ಯತ್ಯಾಸವಿಲ್ಲ ಎಂಬುದನ್ನು ಮಗು ತನ್ನ ಕೈಯಿಂದಲೇ ಮಾಡಿ ನೋಡಿತು. ಅಂಗಡಿಯವನು ಉದ್ದರಿ ಪುಸ್ತಕದಲ್ಲಿ ನಮ್ಮ ಮೂವತ್ತು ರೂಪಾಯಿ ಬಾಕಿಯನ್ನು ಹೊಡೆದು ಹಾಕಿದರೆ ನಮಗೆ ಮೂವತ್ತು ರೂಪಾಯಿ ಬಂದಂತೆಯೇ ಅಲ್ಲವೇ?

ನಮ್ಮ ಪಠ್ಯಪುಸ್ತಕಗಳ ಧನ, ಋಣ ಎಂಬ ಪದಗಳೂ ಇದೇ ಸಾಲದ ಲೆಕ್ಕದಿಂದ ಬಂದವು. ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಧನ ಎಂದರೆ ಆಸ್ತಿ, ಋಣ ಎಂದರೆ ಸಾಲ. ಎರಡು ಋಣಗಳ ಮೊತ್ತ ಋಣ ಎಂದು ಒಂದು ಕಡೆ, ಎರಡು ಋಣಗಳ ಗುಣಲಬ್ಧ ಧನ ಎಂದು ಇನ್ನೊಂದು ಕಡೆ ಅವನು ಬೇರೆ ಬೇರೆಯಾಗಿ ಹೇಳಿದ್ದಾನೆ. ನಾವು ಅವೆರಡನ್ನೂ ಬೆಸೆದು ಒಂದೇ ಪ್ರಾಸವನ್ನಾಗಿ ಮಾಡಿ ಮಕ್ಕಳನ್ನು ಗೊಂದಲಕ್ಕೆ ತಳ್ಳಿದ್ದೇವೆ.

ನಾಲ್ಕನೆಯ ಹೆಜ್ಜೆ: ಗುಣಿಸುವುದು, ಭಾಗಿಸುವುದು

3 × (−2) ಎಂದರೆ ಎರಡೆರಡು ಕಪ್ಪಿನ ಮೂರು ಗುಂಪು. ಆರು ಕಪ್ಪು, −6. ಈಗ (−3) × (−2). ಮೊದಲಿನಂತೆ ಮೂರು ಗುಂಪು ಇಡಿ, ಆಮೇಲೆ ಮೂರರ ಹಿಂದಿನ ಮೈನಸ್‌ಗಾಗಿ ಎಲ್ಲ ಬೀಜಗಳನ್ನೂ ಮಗುಚಿ ಹಾಕಿ. ಆರು ಬಿಳಿ, 6. ಮೈನಸ್ ಎಂದರೆ ಮಗುಚು. ಎರಡು ಸಲ ಮಗುಚಿದರೆ ಮೊದಲಿನ ಮಗ್ಗುಲೇ ಮೇಲೆ ಬರುತ್ತದೆ.

ಮಗುಚುವುದೇಕೆ ಎಂದು ಕೇಳುವ ಮಗುವಿಗೆ ಮಗ್ಗಿಯನ್ನು ಇಳಿಸಿ ಬರೆಸಿ:

3 × (−2) = −6
2 × (−2) = −4
1 × (−2) = −2
0 × (−2) = 0

ಪ್ರತಿ ಸಾಲಿನಲ್ಲೂ ಉತ್ತರ ಎರಡೆರಡು ಏರುತ್ತಿದೆ. ಹಾಗಾದರೆ ಮುಂದಿನ ಸಾಲು (−1) × (−2) ಎಷ್ಟಾಗಬೇಕು? ಮಕ್ಕಳು ತಾವೇ "ಎರಡು" ಎನ್ನುತ್ತಾರೆ. ನಿಯಮವನ್ನು ಬರೆಸುವಾಗ ಗುಣಾಕಾರದ ಚಿಹ್ನೆಯನ್ನು ಬಿಡಬೇಡಿ: "ಮೈನಸ್ × ಮೈನಸ್ = ಪ್ಲಸ್". ಹೇಳುವಾಗಲೂ "ಮೈನಸ್ ಗುಣಿಸು ಮೈನಸ್" ಎಂದೇ ಹೇಳಿಸಿ. ಆ ಒಂದು ಪದ ಬಿಟ್ಟರೆ ಮೇಲಿನ ಹುಡುಗಿಯ ತಪ್ಪು ನಿಮ್ಮ ಮನೆಗೂ ಬರುತ್ತದೆ.

ಭಾಗಾಕಾರಕ್ಕೆ ಹೊಸ ನಿಯಮ ಬೇಡ. −12 ÷ 3 ಎಂದರೆ ಯಾವುದನ್ನು ಮೂರರಿಂದ ಗುಣಿಸಿದರೆ −12 ಬರುತ್ತದೆ ಎಂಬ ಪ್ರಶ್ನೆ ಅಷ್ಟೆ.

ಐದನೆಯ ಹೆಜ್ಜೆ: ಈಗ ಮೈನಸ್ ಮರೆತು, ಭಿನ್ನರಾಶಿ

ಇಲ್ಲಿ ಕನ್ನಡ ನಮಗೆ ದೊಡ್ಡ ಉಪಕಾರ ಮಾಡುತ್ತದೆ. ಮುಕ್ಕಾಲು ಎಂದರೇನು? ಮೂರು ಕಾಲು. "ಕಾಲು" ಎಂಬುದು ತುಂಡಿನ ಹೆಸರು, "ಮೂರು" ಎಂಬುದು ಅಂಥ ತುಂಡುಗಳ ಎಣಿಕೆ. ಛೇದ ಹೆಸರು ಹೇಳುತ್ತದೆ, ಅಂಶ ಎಣಿಸುತ್ತದೆ. ಅಜ್ಜಿಯರ ಅಳತೆಯಲ್ಲಿ ಒಂದು ಸೇರಿಗೆ ಎರಡು ಅಚ್ಚೇರು, ನಾಲ್ಕು ಪಾವು. ಒಂದು ಅಚ್ಚೇರಿಗೆ ಒಂದು ಪಾವು ಸೇರಿದರೆ ಎಷ್ಟು? ಎರಡು ಅಚ್ಚೇರೂ ಅಲ್ಲ, ಎರಡು ಪಾವೂ ಅಲ್ಲ. ಅಚ್ಚೇರನ್ನು ಎರಡು ಪಾವು ಎಂದು ಮಾಡಿಕೊಂಡು, ಮೂರು ಪಾವು ಎನ್ನಬೇಕು. 1/2 + 1/4 = 3/4 ಎಂಬುದರಲ್ಲಿ ಇದಕ್ಕಿಂತ ಹೆಚ್ಚೇನೂ ಇಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ನಗರದ ಎಷ್ಟೋ ಮಕ್ಕಳಿಗೆ ಮುಕ್ಕಾಲು, ಒಂದೂಕಾಲು ಎಂಬ ಪದಗಳೇ ತಿಳಿದಿರುವುದಿಲ್ಲ. ದಯವಿಟ್ಟು ಕಲಿಸಿ. ಭಾಷೆಯ ಅಭಿಮಾನಕ್ಕಾಗಿ ಮಾತ್ರ ಹೇಳುತ್ತಿಲ್ಲ, ಲೆಕ್ಕ ಸುಲಭವಾಗುತ್ತದೆ.

ಈಗ ಎಲ್ಲರೂ ಮಾಡುವ ತಪ್ಪು: 1/2 + 1/3 = 2/5. ತಪ್ಪು ಎಂದು ಕೆಂಪು ಗೆರೆ ಎಳೆಯುವ ಮೊದಲು ಒಂದು ಪ್ರಶ್ನೆ ಕೇಳಿ. ಐದರಲ್ಲಿ ಎರಡು ಭಾಗ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗಲು ಹೇಗೆ ಸಾಧ್ಯ? ಮಗುವಿನ ಮುಖ ನೋಡಿ, ಅಲ್ಲಿಯೇ ಪಾಠ ಶುರುವಾಗುತ್ತದೆ.

ಬಳಿಕ ಚೌಕದ ಪುಸ್ತಕದಲ್ಲಿ ಮೂರು ಸಾಲು, ನಾಲ್ಕು ಕಂಬದ ಒಂದು ಆಯತ ಎಳೆಸಿ. ಹನ್ನೆರಡು ಮನೆ, ತಟ್ಟೆಯಲ್ಲಿ ಕತ್ತರಿಸಿಟ್ಟ ಕೊಬ್ಬರಿ ಮಿಠಾಯಿಯಂತೆ. ಅದರ ಅರ್ಧ ಆರು ಮನೆ, ಮೂರನೇ ಒಂದು ಭಾಗ ನಾಲ್ಕು ಮನೆ. ಒಟ್ಟು ಹತ್ತು: 10/12, ಸಂಕ್ಷೇಪಿಸಿದರೆ 5/6. ಹನ್ನೆರಡೇ ಏಕೆ, ಆರು ಮನೆಯ ಆಯತ ಸಾಲದೇ ಎಂದು ಮಗು ಕೇಳಿದರೆ ಲ.ಸಾ.ಅ. ತಾನಾಗಿ ಬಂದು ಕುಳಿತಂತೆ. ಎರಡರಿಂದಲೂ ಮೂರರಿಂದಲೂ ಸಮವಾಗಿ ಕತ್ತರಿಸಬಹುದಾದ ಅತಿ ಚಿಕ್ಕ ತಟ್ಟೆ ಆರು ಮನೆಯದು. ಈ ಅತಿ ಚಿಕ್ಕ ಸಾಮಾನ್ಯ ಛೇದಕ್ಕೆ "ನಿರುದ್ಧ" ಎಂಬ ಹೆಸರಿಟ್ಟು ಭಿನ್ನರಾಶಿಗೆ ಬಳಸಿದವನು ನಮ್ಮ ನಾಡಿನ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ, ಒಂಬತ್ತನೆಯ ಶತಮಾನದಲ್ಲಿ, ತನ್ನ ಗಣಿತಸಾರಸಂಗ್ರಹದಲ್ಲಿ. ಇದನ್ನು ಹೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ಪ್ರತಿ ಸಲವೂ ನೋಡಿದ್ದೇನೆ.

ಕಳೆಯುವ ಲೆಕ್ಕ, 3¼ − 1¾. ಪುಸ್ತಕದ ದಾರಿ: 13/4 − 7/4 = 6/4 = 1½. ಅಂಗಡಿಯವರು ಚಿಲ್ಲರೆ ಎಣಿಸಿ ಕೊಡುವ ದಾರಿಯೂ ಇದೆ: ಒಂದೂಮುಕ್ಕಾಲಿನಿಂದ ಎರಡಕ್ಕೆ ಕಾಲು, ಎರಡರಿಂದ ಮೂರೂಕಾಲಿಗೆ ಒಂದೂಕಾಲು, ಒಟ್ಟು ಒಂದೂವರೆ. ಎರಡು ದಾರಿಯಲ್ಲೂ ಮಾಡಿಸಿ, ಒಂದು ಇನ್ನೊಂದಕ್ಕೆ ತಾಳೆಯಾಗಲಿ.

ಗುಣಾಕಾರ ಎಲ್ಲಕ್ಕಿಂತ ಸುಲಭ, ಬೇಗ ದಾಟಿ. 2/3 × 3/4 ಎಂದರೆ ಮುಕ್ಕಾಲರಲ್ಲಿ ಮೂರನೇ ಎರಡು ಭಾಗ. ಮೂರು ಕಾಲುಗಳಲ್ಲಿ ಎರಡು ಕಾಲು, ಅಂದರೆ ಅರ್ಧ. ಅಂಶವನ್ನು ಅಂಶದಿಂದ, ಛೇದವನ್ನು ಛೇದದಿಂದ ಗುಣಿಸಿದರೂ 6/12, ಅದೇ ಅರ್ಧ. ಗುಣಿಸುವ ಮೊದಲೇ ಮೇಲೆ ಕೆಳಗೆ ಹೊಡೆದು ಹಾಕುವ ಅಭ್ಯಾಸ ಮಾಡಿಸಿ.

ಭಾಗಾಕಾರದಲ್ಲಿ ಮಾತ್ರ "ತಿರುಗಿಸಿ ಗುಣಿಸು" ಎಂದು ಹೇಳಿ ಸುಮ್ಮನಾಗಬೇಡಿ. ಮೂರು ಲೀಟರ್ ಹಾಲಿಗೆ ಅರ್ಧ ಲೀಟರಿನ ಪೊಟ್ಟಣ ಎಷ್ಟು ಬೇಕು? ಆರು. 3 ÷ 1/2 = 6. ಭಾಗಿಸಿದರೂ ಉತ್ತರ ದೊಡ್ಡದಾಯಿತು ಎಂದು ಅಚ್ಚರಿಪಡುವ ಮಗುವಿಗೆ ಪೊಟ್ಟಣಗಳನ್ನೇ ಎಣಿಸಲು ಹೇಳಿ. ಇನ್ನು 2/3 ÷ 4/5. ಎರಡನ್ನೂ ಹದಿನೈದನೇ ತುಂಡುಗಳನ್ನಾಗಿ ಮಾಡಿ: 10/15 ಮತ್ತು 12/15. ಹತ್ತು ತುಂಡಿನಲ್ಲಿ ಹನ್ನೆರಡು ತುಂಡು ಎಷ್ಟು ಸಲ? 10/12, ಅಂದರೆ 5/6. ಈಗ ತಿರುಗಿಸಿ ಗುಣಿಸಿ ನೋಡಿ: 2/3 × 5/4 = 10/12. ಅದೇ ಹತ್ತು, ಅದೇ ಹನ್ನೆರಡು. ತಿರುಗಿಸುವುದು ಮಂತ್ರವಲ್ಲ, ಸಮಾನ ಛೇದ ಮಾಡುವ ಕೆಲಸಕ್ಕೆ ಸಿಕ್ಕ ಹತ್ತಿರದ ದಾರಿ ಎಂದು ಆಗ ಗೊತ್ತಾಗುತ್ತದೆ.

ಆರನೆಯ ಹೆಜ್ಜೆ: ಎರಡನ್ನೂ ಸೇರಿಸುವುದು

ಈ ಹೆಜ್ಜೆಗೆ ಬರುವ ಮೊದಲು ಹಿಂದಿನವೆಲ್ಲ ಸಲೀಸಾಗಿರಬೇಕು. ಮೊದಲು ಮೈನಸ್ ಎಲ್ಲಿ ಕುಳಿತಿದೆ ಎಂದು ನೋಡಿ. −3/4, (−3)/4, 3/(−4) ಮೂರೂ ಒಂದೇ ಸಂಖ್ಯೆ. ಆದರೆ ಛೇದದಲ್ಲಿ ಮೈನಸ್ ಇರಲು ಬಿಡಬೇಡಿ, ಅಂಶಕ್ಕೆ ಏರಿಸಿ. ಲ.ಸಾ.ಅ. ತೆಗೆಯುವಾಗ ಕೆಳಗೆ ಧನ ಸಂಖ್ಯೆಯೇ ಇರಬೇಕು.

ಆಮೇಲೆ ಮಿಶ್ರ ಭಿನ್ನರಾಶಿ. −2½ನ್ನು ಸಂಖ್ಯಾರೇಖೆಯ ಮೇಲೆ ಗುರುತಿಸಲು ಹೇಳಿ. ಅದೇ ಹುಡುಗಿ ಸೊನ್ನೆಯಿಂದ ಎಡಕ್ಕೆ ಎರಡು ಮನೆ ಹೋದಳು. ಪೆನ್ಸಿಲ್ ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಬಳಿಕ ಬಲಕ್ಕೆ ತಿರುಗಿ ಅರ್ಧ ಮನೆ ಬಂದು −1½ರ ಮೇಲೆ ಚುಕ್ಕೆ ಇಟ್ಟಳು. ಮೈನಸ್ ಎರಡಕ್ಕೆ ಮಾತ್ರ, ಅರ್ಧಕ್ಕೆ ಇಲ್ಲ ಎಂದು ಅವಳು ಓದಿಕೊಂಡಿದ್ದಳು. ನಾನು ಅದನ್ನು ಕನ್ನಡದಲ್ಲಿ ಓದಲು ಹೇಳಿದೆ. ಎರಡೂವರೆ. ಈ ಪದವನ್ನು ಬಿಡಿಸಿದರೆ ಎರಡೂ, ಅರೆ. ನಡುವಿನ "ಊ"ಕಾರವೇ ಕೂಡುವ ಚಿಹ್ನೆ: ಎರಡೂ ಹೌದು, ಅರೆಯೂ ಹೌದು. ಹಾಗಾದರೆ ಎರಡೂವರೆ ರೂಪಾಯಿ ಸಾಲ ಎಂದರೆ ಎರಡು ರೂಪಾಯಿ ಸಾಲ, ಎಂಟಾಣೆ ಕೈಯಲ್ಲಿದೆ ಎಂದೇ? "ಅಲ್ಲ ಮಿಸ್, ಎಂಟಾಣೆಯೂ ಸಾಲವೇ" ಎಂದು ಚುಕ್ಕೆಯನ್ನು ಅಳಿಸಿದಳು. −2½ ಎಂದರೆ −(2 + ½). ಆವರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ. ವಿಷಮ ಭಿನ್ನರಾಶಿಗೆ (ಅಂಶ ಛೇದಕ್ಕಿಂತ ದೊಡ್ಡದಾಗಿರುವ ರೂಪಕ್ಕೆ) ಬದಲಿಸುವಾಗ ಮೈನಸ್ಸನ್ನು ಹೊರಗೆ ಕೂರಿಸಿ, ಒಳಗೆ ಎರಡೆರಡಲ ನಾಲ್ಕು, ನಾಲ್ಕಕ್ಕೆ ಒಂದು ಸೇರಿ ಐದು ಎಂದು ಮಾಡಿ, ಆಮೇಲೆ −5/2 ಎಂದು ಬರೆಸಿ.

ಹೋಲಿಕೆ: −3/4 ದೊಡ್ಡದೋ, −2/3 ದೊಡ್ಡದೋ? −9/12 ಮತ್ತು −8/12. ಎಂಟು ಭಾಗ ಸಾಲ ಇರುವವರೇ ವಾಸಿ. −2/3 ದೊಡ್ಡದು.

ಈಗ ಒಂದು ಉದ್ದದ ಲೆಕ್ಕವನ್ನು ಸಾಲು ಸಾಲಾಗಿ ಮಾಡೋಣ: −5/6 + 3/4 − (−1/3).

ಮೊದಲ ಸಾಲಿನಲ್ಲಿ ಅಕ್ಕಪಕ್ಕ ನಿಂತ ಎರಡು ಚಿಹ್ನೆಗಳನ್ನು ಮಾತ್ರ ಸರಿಮಾಡಿ, ಬೇರೇನನ್ನೂ ಮುಟ್ಟಬೇಡಿ: −5/6 + 3/4 + 1/3.
ಎರಡನೆಯ ಸಾಲಿನಲ್ಲಿ ಛೇದ ಮಾತ್ರ. 6, 4, 3ರ ಲ.ಸಾ.ಅ. 12: −10/12 + 9/12 + 4/12.
ಮೂರನೆಯ ಸಾಲಿನಲ್ಲಿ ಛೇದವನ್ನು ಒಮ್ಮೆ ಮಾತ್ರ ಬರೆದು ಅಂಶಗಳನ್ನು ಒಟ್ಟಿಗೆ ತನ್ನಿ: (−10 + 9 + 4)/12.
ಈಗ ಉಳಿದದ್ದು ಹುಣಸೆ ಬೀಜದ ಲೆಕ್ಕ. ಹತ್ತು ಕಪ್ಪು, ಹದಿಮೂರು ಬಿಳಿ: 3/12 = 1/4.

ಒಂದು ಸಾಲಿಗೆ ಒಂದೇ ಕೆಲಸ. ಮಕ್ಕಳು ಪುಟ ಉಳಿಸಲು ಎರಡು ಕೆಲಸವನ್ನು ಒಂದೇ ಸಾಲಿನಲ್ಲಿ ಮಾಡುತ್ತಾರೆ, ಚಿಹ್ನೆ ಕಳೆದುಹೋಗುವುದು ಅಲ್ಲಿಯೇ. ಮೊದಲು ಹೇಳಿದ ಹುಡುಗಿಯ ಲೆಕ್ಕವೂ (−3 − 2)/6 ಎಂದು ಒಂದು ಸಾಲು ಹೆಚ್ಚು ಬರೆದಿದ್ದರೆ ಮೂರು ಕಪ್ಪು, ಎರಡು ಕಪ್ಪು ಕಣ್ಣಿಗೆ ಕಂಡು −5/6 ಬಂದಿರುತ್ತಿತ್ತು.

ಗುಣಾಕಾರ, ಭಾಗಾಕಾರಗಳಲ್ಲಿ ಕ್ರಮ ಬೇರೆ. ಅಲ್ಲಿ ಮೊದಲು ಉತ್ತರದ ಚಿಹ್ನೆಯನ್ನು ತೀರ್ಮಾನಿಸಿ ಬರೆದಿಡಿ, ಆಮೇಲೆ ಮೈನಸ್‌ಗಳನ್ನು ಮರೆತು ಭಿನ್ನರಾಶಿಯನ್ನು ಮಾತ್ರ ನೋಡಿ. (−2½) × (−4/15): ಎರಡು ಮೈನಸ್, ಗುಣಾಕಾರ, ಉತ್ತರ ಪ್ಲಸ್. ಇನ್ನು 5/2 × 4/15. ಐದು ಹದಿನೈದಕ್ಕೆ ಹೋಗಿ ಮೂರು, ಎರಡು ನಾಲ್ಕಕ್ಕೆ ಹೋಗಿ ಎರಡು: 2/3. ಕೂಡಿ ಕಳೆಯುವಾಗ ಚಿಹ್ನೆ ಅಂಶದ ಜೊತೆಗೇ ಕೊನೆಯವರೆಗೂ ಇರುತ್ತದೆ, ಗುಣಿಸಿ ಭಾಗಿಸುವಾಗ ಮಾತ್ರ ಅದನ್ನು ಮೊದಲೇ ಬೇರ್ಪಡಿಸಬಹುದು. ಈ ವ್ಯತ್ಯಾಸ ತಿಳಿದ ಮಗುವಿಗೆ ಎಂಟನೆಯ ತರಗತಿಯ ಭಾಗಲಬ್ಧ ಸಂಖ್ಯೆಗಳ ಅಧ್ಯಾಯ ಹೊಸದಾಗಿ ಕಾಣುವುದಿಲ್ಲ.

ದಿನದ ಅಭ್ಯಾಸ

ದಿನಕ್ಕೆ ಆರು ಲೆಕ್ಕ ಸಾಕು, ಮೂವತ್ತು ಬೇಡ. ಪ್ರತಿ ಲೆಕ್ಕಕ್ಕೂ ಮೊದಲು ಅಂದಾಜು ಹೇಳಿಸಿ. −2⅓ + 1½ ಎಂದಾಗ: ಎರಡಕ್ಕಿಂತ ಹೆಚ್ಚು ಸಾಲ, ಕೈಯಲ್ಲಿ ಒಂದೂವರೆ, ಆದ್ದರಿಂದ ಉತ್ತರ ಮೈನಸ್, ಒಂದರ ಹತ್ತಿರ. ಮಾಡಿದ ಮೇಲೆ −14/6 + 9/6 = −5/6. ಅಂದಾಜಿಗೆ ಹೊಂದಿತು. ಹೊಂದದಿದ್ದರೆ ತಪ್ಪು ಎಲ್ಲಿದೆ ಎಂದು ನೀವು ತೋರಿಸಬೇಡಿ, ಮಗುವೇ ಹುಡುಕಲಿ.

ಮೊದಲ ದಿನಕ್ಕೆ ಈ ಆರು: (1) −4 − (−9), (2) −1/4 − 1/6, (3) −3/4 + 5/6, (4) 2/3 − (−1/2), (5) (−3/5) × (−10/9), (6) 1¼ ÷ (−5/8).

ಉತ್ತರಗಳು ಕ್ರಮವಾಗಿ 5, −5/12, 1/12, 7/6, 2/3, −2. ಎರಡನೆಯದಕ್ಕೆ 5/12 ಎಂದು ಬಂದರೆ ಮುಂದಿನ ಲೆಕ್ಕಕ್ಕೆ ಹೋಗಬೇಡಿ. ಪುಸ್ತಕ ಮುಚ್ಚಿಸಿ, ಬೀಜದ ಡಬ್ಬಿ ತರಿಸಿ, ಮೂರು ಕಪ್ಪು ಮತ್ತು ಎರಡು ಕಪ್ಪನ್ನು ಮತ್ತೊಮ್ಮೆ ಮೇಜಿನ ಮೇಲೆ ಇಡಿಸಿ.